ಕೂಗಳತೆಯೊಳಗೆ

ನಮ್ಮ ಮನೆಯ ಬಚ್ಚಲಿಗೆ ಚಿಲಕವಿರಲಿಲ್ಲ. ಮೊದಲಿತ್ತು, ನಾನು ಐದನೇ ಕ್ಲಾಸಿನಲ್ಲಿದ್ದಾಗ ಅಜ್ಜಿ ಬಡಗಿಯನ್ನು ಕರೆಸಿ ಅದನ್ನು ಕೀಳಿಸಿ ಹಾಕಿದಳು. ಹಸಿರು ಬಾಗಿಲಿನ ಮೇಲೆ ಮೊಳೆ ಕಿತ್ತ ತೂತುಗಳಷ್ಟೇ ಉಳಿದವು. ಅಂದಿನಿಂದ ಸ್ನಾನಕ್ಕೆ ಹೋದವರು ಒಳಗಿನಿಂದ ಒಂದೇ ಸಮನೆ ಏನಾದರೂ ಸದ್ದು ಮಾಡುತ್ತಿರಬೇಕು, ಸದ್ದು ನಿಂತರೆ ಹೊರಗಿದ್ದವರು ಬಾಗಿಲು ತಳ್ಳಿಕೊಂಡು ಒಳಗೆ ಬರುವುದೇ ಸೈ ಎಂಬುದು ಮನೆಯ ಕಾನೂನಾಯಿತು. ಅಪ್ಪ ಮಂತ್ರ ಹೇಳುತ್ತಿದ್ದ, ಅಮ್ಮ ದೇವರನಾಮ ಹಾಡುತ್ತಿದ್ದಳು, ಒಂದು ದೇವರನಾಮವೂ ಪೂರ್ತಿ ಬಾರದ ನಾನು ಮಗ್ಗಿ ಹೇಳುತ್ತಿದ್ದೆ. ಊರಿನಿಂದ ಬಂದ ನೆಂಟರು ಟವೆಲು ಹೆಗಲಿಗೇರಿಸಿ ಆ ಬಾಗಿಲ ಮುಂದೆ ನಿಂತು ಪಡುತ್ತಿದ್ದ ಪೇಚಾಟ ನೆನೆದರೆ ಈಗಲೂ ನಗು ಬರುತ್ತದೆ. ಈಗ ನಾನಿರುವ ಬೆಹಾಲಾದ ಫ್ಲ್ಯಾಟಿನ ಬಚ್ಚಲಿಗೆ ಹೊಳೆಯುವ ಸ್ಟೀಲಿನ ಚಿಲಕವಿದೆ. ನಾನದನ್ನು ಮುಟ್ಟುವುದಿಲ್ಲ. ಮದುವೆಯಾದ ಹೊಸತರಲ್ಲಿ ಬಚ್ಚಲಿನಿಂದ ಹದಿನೇಳರ ಮಗ್ಗಿ ಕೇಳಿಬಂದಾಗ ನನ್ನ ಗಂಡ, ತಾನು ಎಂಥವಳನ್ನು ಕಟ್ಟಿಕೊಂಡೆನಪ್ಪಾ ಎಂದು ಕಂಗಾಲಾಗಿದ್ದ. ಅವನಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತಿದ್ದೇನೆ. ಅಜ್ಜನ ಒಂದು ಶ್ರಾದ್ಧದಿಂದ ಮುಂದಿನ ಶ್ರಾದ್ಧದವರೆಗಿನ ಒಂದು ವರ್ಷದ ಮಾತು ಅದು. ಆ ವರ್ಷ ನಮ್ಮ ಮನೆಗೆ ಬಡಿದ ಆಘಾತಗಳಲ್ಲಿ ಯಾವುದು ದೊಡ್ಡದು ಎಂಬುದು ನನಗೆ ಇನ್ನೂ ತೀರ್ಮಾನವಾಗಿಲ್ಲ.

ಸದರ್ನ್ ಅವೆನ್ಯೂವಿನಿಂದ ಒಳಕ್ಕೆ ತಿರುಗುವ ಗಲ್ಲಿಯೊಂದರಲ್ಲಿ, ಹಳೆಯ ಮನೆಯ ಮಹಡಿಯ ಮೇಲೆ ನಾವಿದ್ದೆವು. ಕೆಳಗೆ ಮನೆಯ ಒಡತಿ, ಬಂಗಾಳಿ ಹೆಂಗಸು. ಗಲ್ಲಿಯ ಮಕ್ಕಳೆಲ್ಲ ಕರೆಯುವಂತೆ ನಾನೂ ಅವಳನ್ನು ಕಾಕಿಮಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಅವಳ ಅಡಿಗೆಮನೆಯಿಂದ ಸಾಸಿವೆ ಎಣ್ಣೆಯಲ್ಲಿ ಮೀನು ಹುರಿಯುವ ವಾಸನೆ ಮೆಟ್ಟಿಲು ಹತ್ತಿ ಬಂದ ಕೂಡಲೇ ಅಜ್ಜಿ ಮೇಲಿನಿಂದ ಊದುಬತ್ತಿ ಹಚ್ಚುತ್ತಿದ್ದಳು. ಆ ಯುದ್ಧದಲ್ಲಿ ಯಾರೂ ಗೆಲ್ಲಲಿಲ್ಲ, ಮೆಟ್ಟಿಲಿಗೆ ಮಾತ್ರ ಎರಡೂ ಬೆರೆತ ಒಂದು ವಾಸನೆ ಅಂಟಿಕೊಂಡಿತು. ನನಗೆ ಮನೆ ಎಂದರೆ ಆ ವಾಸನೆಯೇ. ಅಪ್ಪ ಉಡುಪಿಯ ಕಡೆಯವನು. ಈ ಊರಿನಲ್ಲಿದ್ದ ನಮ್ಮವರ ಮದುವೆ, ಮುಂಜಿ, ಸೀಮಂತಗಳಿಗೆ ಅಡಿಗೆ ಮಾಡಿಸಿಕೊಡುವುದು ಅವನ ಉದ್ಯೋಗ. ಹಾಗಾಗಿ ನಮ್ಮ ಮನೆಯಲ್ಲಿ ಕಪಾಟಿಗಿಂತ ಕೊಪ್ಪರಿಗೆಗಳೇ ಹೆಚ್ಚು. ಮಂಚಗಳ ಕೆಳಗೆಲ್ಲ ದೊಡ್ಡ ಪಾತ್ರೆಗಳು ಬೋರಲು ಬಿದ್ದಿರುತ್ತಿದ್ದವು, ನಾನು ನಿದ್ದೆಯಲ್ಲಿ ಕಾಲು ಝಾಡಿಸಿದರೆ ಢಣ್ ಎನ್ನುತ್ತಿತ್ತು. ಅಮ್ಮ ಅವನ ಬಲಗೈ. ಇನ್ನೂರು ಜನಕ್ಕೆ ಎಷ್ಟು ಅಕ್ಕಿ, ಎಷ್ಟು ಬೆಲ್ಲ ಎಂದು ಕೇಳಿದರೆ ಅಪ್ಪ ಲೆಕ್ಕ ಹಾಕುವುದರೊಳಗೆ ಅಮ್ಮ ಹೇಳಿ ಮುಗಿಸಿರುತ್ತಿದ್ದಳು. ಹೌರಾದ ಕಡೆ ಅಡಿಗೆಯಿದ್ದರೆ ಇಬ್ಬರೂ ಬೆಳಗಿನ ಲಾಂಚ್ ಹತ್ತಿ ಹೊಳೆ ದಾಟಿ ಹೋಗುತ್ತಿದ್ದರು. ಅಮ್ಮ ಲಾಂಚಿನ ಅಂಚಿನಲ್ಲೇ ನಿಲ್ಲುವವಳು, ಗಾಳಿಗೆ ಸೆರಗು ಹಾರಿದರೆ ಹಿಡಿದುಕೊಳ್ಳುವವಳೂ ಅಲ್ಲ.

ಊಟಕ್ಕೆ ಕೂತಾಗ ನಡೆಯುತ್ತಿದ್ದ ಮಾತೆಲ್ಲ ಕೊನೆಗೆ ಇದೇ ಊರಿನ ಇನ್ನೊಂದು ತುದಿಯ ಬೆಹಾಲಾಕ್ಕೆ ಹೋಗಿ ನಿಲ್ಲುತ್ತಿತ್ತು. ಅಲ್ಲಿ ಒಂದು ಜಾಗ ನೋಡಿಟ್ಟಿದ್ದರು, ಕೆಳಗೆ ಹೋಟೆಲು, ಮೇಲೆ ಮನೆ. ಬೆಳಗಿನ ಇಡ್ಲಿ ದೋಸೆಯ ಭಾರ ಅಮ್ಮನದು, ಹೊರಗಿನ ಅಡಿಗೆಗಳ ಭಾರ ಅಪ್ಪನದು. ನನಗೊಬ್ಬ ತಮ್ಮನೂ ಬೆಹಾಲಾಕ್ಕೆ ಹೋದಮೇಲೆ ಹುಟ್ಟಬೇಕು ಎಂದು ಅಜ್ಜಿ ಗೊತ್ತುಮಾಡಿದ್ದಳು. ಹೋಟೆಲಿನ ಗೋಡೆಗೆ ಯಾವ ಬಣ್ಣ ಎಂಬುದರ ಮೇಲೆ ಅಪ್ಪ ಅಮ್ಮ ಒಂದು ವಾರ ಮಾತು ಬಿಟ್ಟಿದ್ದರು. ಇನ್ನೂ ಕೈಗೆ ಬಾರದ ಗೋಡೆಗೆ ಬಣ್ಣದ ಜಗಳವಾಡುವಷ್ಟು ಸುಖವಾಗಿದ್ದೆವು ನಾವು.

ಇನ್ನು ಅಜ್ಜಿ. ಅಪ್ಪನ ತಾಯಿ, ಅಪ್ಪ ಇಲ್ಲಿ ನೆಲೆ ಕಂಡಮೇಲೆ ಊರಿನಿಂದ ಬಂದವಳು. ಅವಳ ಮಡಿ ಎಂದರೆ ಮಡಿ. ದಿನನಿತ್ಯವೇ ಪೂಜೆ ಮುಗಿಯುವ ತನಕ ನನ್ನನ್ನು ಹತ್ತಿರ ಸೇರಿಸುತ್ತಿರಲಿಲ್ಲ, ಅಜ್ಜನ ಶ್ರಾದ್ಧದ ದಿನವಂತೂ ಕೇಳುವುದೇ ಬೇಡ. ಅಂದು ಅಡಿಗೆಮನೆಯ ಹೊಸ್ತಿಲಿನ ಆಚೆ ರಂಗೋಲಿ ಪುಡಿಯಲ್ಲಿ ಒಂದು ಗೆರೆ ಎಳೆಯುತ್ತಿದ್ದಳು. ಒಳಗೆ ಅಮ್ಮ, ಒದ್ದೆ ಸೀರೆಯಲ್ಲಿ, ಅಡಿಗೆಗೆ. ಆ ಗೆರೆ ದಾಟಿ ಯಾರೂ ಒಳಗೆ ಹೋಗುವಂತಿಲ್ಲ, ಅಮ್ಮನನ್ನು ಮುಟ್ಟುವಂತಿಲ್ಲ. ಮುಟ್ಟಿದರೆ ಅಷ್ಟೂ ಅಡಿಗೆ ಚೆಲ್ಲಿ ಮೊದಲಿನಿಂದ ಸುರು. ಊಟಕ್ಕೆ ಕೂರುವ ಬ್ರಾಹ್ಮಣರು ಉಂಡು ಏಳುವ ತನಕ ಅಮ್ಮನ ಬಾಯಿಗೆ ಒಂದು ಹನಿ ನೀರೂ ಹೋಗುವಂತಿಲ್ಲ. ಹಿಂದಿನ ರಾತ್ರಿಯೂ ಊಟವಿಲ್ಲ. ಇಂಗು ಶ್ರಾದ್ಧದ ಅಡಿಗೆಗೆ ಬಾರದ್ದರಿಂದ ಹಿಂದಿನ ಸಂಜೆಯೇ ಇಂಗಿನ ಡಬ್ಬಿಗಳನ್ನು ಅಜ್ಜಿ ತಾನೇ ಎತ್ತಿ ತನ್ನ ಟ್ರಂಕಿನ ಮೇಲಿಡುತ್ತಿದ್ದಳು. ಅಜ್ಜನ ಬಗ್ಗೆ ನಮಗೆ ಗೊತ್ತಿದ್ದುದು ಇಷ್ಟು: ಅಪ್ಪ ಇನ್ನೂ ತೊಟ್ಟಿಲಲ್ಲಿದ್ದಾಗ ಒಂದು ಬೆಳಿಗ್ಗೆ ಅವರು ದೇವಸ್ಥಾನದ ಕೆರೆಗೆ ಸ್ನಾನಕ್ಕೆ ಹೋದರು, ಪಾಚಿಗೆ ಕಾಲು ಜಾರಿತು. ಅಜ್ಜಿ ಈ ಎರಡು ವಾಕ್ಯಕ್ಕೆ ಮೂರನೆಯದನ್ನು ಎಂದೂ ಸೇರಿಸಿದವಳಲ್ಲ.

ಆ ವರ್ಷದ ಶ್ರಾದ್ಧದ ದಿನ ಊರಿನಲ್ಲಿ ಯಾವುದೋ ಪಕ್ಷದ ಮಿಛಿಲ್ ಇತ್ತು. ಈ ಊರಿನಲ್ಲಿ ಮೆರವಣಿಗೆ ಹೊರಟರೆ ಬಸ್ಸುಗಳು ಇದ್ದಲ್ಲೇ ನಿಲ್ಲುತ್ತವೆ. ಪುರೋಹಿತರಾದ ಭಟ್ಟರೂ ಊಟಕ್ಕೆ ಕೂರಬೇಕಾದ ಇನ್ನಿಬ್ಬರೂ ಹೌರಾದಿಂದ ಬರಬೇಕಿತ್ತು, ಸೇತುವೆಯ ಮೇಲೆ ಸಿಕ್ಕಿಬಿದ್ದರು. ಮಧ್ಯಾಹ್ನ ಇಳಿಯಿತು. ಅಪ್ಪ ಬಾಲ್ಕನಿಗೂ ಬಾಗಿಲಿಗೂ ಅಲೆಯುತ್ತಿದ್ದ. ನಾನು ಗೆರೆಯ ಈಚೆ ಕೂತು ಉದ್ದಿನ ವಡೆಗಳ ರಾಶಿಯನ್ನು ನೋಡುತ್ತಿದ್ದೆ. ಅಮ್ಮ ಎಣ್ಣೆಯ ಬಾಣಲೆ ಕೆಳಗಿಳಿಸಿ, ಪಾಯಸದ ಪಾತ್ರೆಗೆ ಸೌಟು ಹಾಕಿದಳು. ನನ್ನ ಕಡೆ ತಿರುಗಿದಳು. ಏನೋ ಹೇಳುತ್ತಾಳೆ ಎಂದುಕೊಂಡೆ. ಅವಳ ಕಣ್ಣು ನನ್ನನ್ನು ನೋಡುತ್ತಿರಲಿಲ್ಲ. ಗಂಟಲಿನಿಂದ ಒಂದು ವಿಚಿತ್ರ ಸದ್ದು ಬಂತು, ಅದು ಅಮ್ಮನ ದನಿಯೇ ಅಲ್ಲ. ನಿಂತಲ್ಲಿಂದಲೇ ಕುಸಿದು ನೆಲಕ್ಕೆ ಬಿದ್ದಳು. ಕೈಕಾಲು ಸೆಟೆದು ಅದುರತೊಡಗಿದವು, ಹಿಮ್ಮಡಿ ನೆಲಕ್ಕೆ ಬಡಿಯುತ್ತಿತ್ತು, ಬಾಯಿಯ ಅಂಚಿನಲ್ಲಿ ನೊರೆ. ನಾನು ಎದ್ದು ನಿಂತೆ. ಗೆರೆ ನನ್ನ ಹೆಬ್ಬೆರಳ ಮುಂದೆಯೇ ಇತ್ತು. ಅಪ್ಪ ಓಡಿ ಬಂದವನು ಅವನೂ ಅಲ್ಲೇ ನಿಂತ. ಅಡಿಗೆಯ ಕೆಲಸದಲ್ಲಿ ಊರಿಗೆ ಊರನ್ನೇ ಆಳುವ ಮನುಷ್ಯ, ಬಾಯಿ ತೆರೆದು ಆ ಬಿಳಿ ಗೆರೆಯನ್ನೇ ನೋಡುತ್ತಿದ್ದ.

ಅಜ್ಜಿ ದಾಟಿದಳು. ದೇವರ ಕೋಣೆಯಿಂದ ಬಂದವಳು ನಮ್ಮಿಬ್ಬರನ್ನೂ ಭುಜದಿಂದ ಆಚೆ ತಳ್ಳಿ, ಗೆರೆಯ ಮೇಲೇ ಕಾಲಿಟ್ಟು ಒಳಗೆ ಹೋದಳು. ಮೊದಲು ಗ್ಯಾಸ್ ಆರಿಸಿದಳು. ಕೈಗೆಟುಕುವಂತಿದ್ದ ಬಾಣಲೆಯನ್ನು ಕಾಲಿನಿಂದ ದೂರ ಸರಿಸಿದಳು. ಅಮ್ಮನ ಪಕ್ಕ ಕೂತು, ಅವಳನ್ನು ಎಡಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ತನ್ನ ತೊಡೆ ಕೊಟ್ಟಳು. ಅಪ್ಪನಿಗೆ ಆಗ ಜೀವ ಬಂತು. ಎಲ್ಲಿಂದಲೋ ಬೀಗದ ಕೈ ಗೊಂಚಲು ತಂದು ಅಮ್ಮನ ಮುಷ್ಟಿಗೆ ತುರುಕಲು ಹೋದ. ಸದ್ದು ಕೇಳಿ ಮೇಲೆ ಬಂದಿದ್ದ ಕಾಕಿಮಾ ಮೂಸಿಸಲು ತನ್ನ ಚಪ್ಪಲಿಯನ್ನೇ ಕೈಯಲ್ಲಿ ಹಿಡಿದಿದ್ದಳು.

"ಕಬ್ಬಿಣ ಬೇಡ, ಚಪ್ಪಲಿ ಬೇಡ, ನೀರೂ ಕುಡಿಸ್ಲಿಕ್ಕಿಲ್ಲ," ಎಂದಳು ಅಜ್ಜಿ. "ಕೈ ಒತ್ತಿ ಹಿಡೀಬೇಡ ವಾಸು, ಬಿಡು. ಅದರಷ್ಟಕ್ಕೆ ನಿಲ್ತದೆ."

ಅದರಷ್ಟಕ್ಕೇ ನಿಂತಿತು. ಅಜ್ಜಿ ತನ್ನ ಮಡಿ ಸೀರೆಯ ಸೆರಗಿನಿಂದ ಅಮ್ಮನ ಬಾಯಿ ಒರೆಸಿದಳು. ನನಗಂತೂ ನನ್ನ ಕಣ್ಣನ್ನೇ ನಂಬಲಾಗಲಿಲ್ಲ. ಅಮ್ಮ ಬಿದ್ದದ್ದಕ್ಕಿಂತ ಹೆಚ್ಚಿನ ದಿಗ್ಭ್ರಮೆ ಆ ಕ್ಷಣಕ್ಕೆ ನನಗಾದದ್ದು, ಮೀನಿನ ಕೈಯ ಕಾಕಿಮಾ ನಮ್ಮ ಅಡಿಗೆಮನೆಯ ನಡುವೆ ನಿಂತಿದ್ದಾಳೆ, ವಡೆಗಳ ಪಕ್ಕದಲ್ಲೇ ಅವಳ ಚಪ್ಪಲಿಯಿದೆ, ಅಜ್ಜಿ ಅದನ್ನು ನೋಡಿಯೂ ಸುಮ್ಮನಿದ್ದಾಳೆ ಎಂಬುದಕ್ಕೆ. ಇಷ್ಟೆಲ್ಲ ಅಜ್ಜಿಗೆ ಹೇಗೆ ಗೊತ್ತು ಎಂದು ಆಗ ಯಾರಿಗೂ ಹೊಳೆಯಲಿಲ್ಲ. ಹಳಬರಿಗೆ ಎಲ್ಲ ಗೊತ್ತಿರುತ್ತದೆ ಎಂದುಕೊಂಡೆವು. ಭಟ್ಟರು ಬಂದಾಗ ಅಡಿಗೆಯೇ ಇರಲಿಲ್ಲ. ಎಲೆಯ ಮೇಲೆ ಹಸಿ ಅಕ್ಕಿ, ಬೇಳೆ, ಬಾಳೆಕಾಯಿ ಇಟ್ಟು ದಾನ ಕೊಡಿಸಿ, ಆಪತ್ತಿಗೆ ಶಾಸ್ತ್ರದಲ್ಲಿ ಇದೂ ಉಂಟು ಎಂದು ಸಮಾಧಾನ ಹೇಳಿ ಹೋದರು.

ಎರಡನೆಯ ಪೆಟ್ಟು ಸಂಜೆಗೆ. ಕಾಕಿಮಾ ಕರೆತಂದ ಡಾಕ್ಟರು ಗಲ್ಲಿಯ ತುದಿಯವರೇ, ವಯಸ್ಸಾದವರು. ಅಮ್ಮನ ಕಣ್ಣಿಗೆ ಟಾರ್ಚು ಬಿಟ್ಟು ನೋಡಿದರು, ನಾಲಿಗೆ ನೋಡಿದರು, ದಪ್ಪಗೆ ಊದಿದ ಒಸಡು ನೋಡಿದರು. ವರ್ಷಗಟ್ಟಲೆ ಆ ಮಾತ್ರೆ ನುಂಗಿದವರ ಒಸಡು ಹಾಗಾಗುತ್ತದಂತೆ. ಆಮೇಲೆ ಹಿಂದಿಯಲ್ಲಿ ಬಹಳ ಮೆಲ್ಲಗೆ ಕೇಳಿದರು: ಮಾತ್ರೆ ಯಾವಾಗಿನಿಂದ ತಪ್ಪಿಸಿದೆಯಮ್ಮಾ? ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಯಾವ ಮಾತ್ರೆ? ಅಮ್ಮ ಗೋಡೆಯ ಕಡೆ ಮುಖ ಮಾಡಿ, ನಿನ್ನೆ ಸಂಜೆಯಿಂದ ಎಂದಳು. ಯಾವಾಗಿನಿಂದ ತೆಗೆದುಕೊಳ್ಳುತ್ತಿದ್ದೀಯ ಎಂದಾಗ, ಪಿಯುಸಿ ಓದುವಾಗಿನಿಂದ ಎಂದಳು. ನನ್ನನ್ನು ಕರೆದು, ಅಜ್ಜಿಯ ಟ್ರಂಕಿನ ಮೇಲಿರುವ ಇಂಗಿನ ಡಬ್ಬಿಗಳಲ್ಲಿ ಹಳದಿಯದನ್ನು ತಾ ಎಂದಳು. ತೆರೆದರೆ ಮೇಲೊಂದು ಇಂಗಿನ ತುಂಡು, ಅಡಿಯಲ್ಲಿ ಮಡಿಸಿಟ್ಟ ಮಾತ್ರೆಯ ಹಾಳೆಗಳು. ತರಕಾರಿಗೆ ಹೋದಾಗ ಔಷಧದ ಅಂಗಡಿಯಿಂದ ತಂದು ಅದರಲ್ಲಿ ಹುದುಗಿಸುತ್ತಿದ್ದಳಂತೆ. ವರ್ಷಗಟ್ಟಲೆ, ಬೆಳಿಗ್ಗೆ ಸಂಜೆ, ಒಗ್ಗರಣೆಗೆ ನಿಂತಾಗ, ಇಂಗು ತೆಗೆಯುವ ಕೈಯಲ್ಲೇ ಮಾತ್ರೆಯನ್ನೂ ತೆಗೆದು ನುಂಗಿದ್ದಳು. ಹಿಂದಿನ ಶ್ರಾದ್ಧಗಳಲ್ಲಿ ಹೇಗೋ ಪಾರಾಗಿದ್ದಳು. ಈ ಸಲ ನಿದ್ದೆಯಿಲ್ಲ, ಹೊಟ್ಟೆಗಿಲ್ಲ, ಮಾತ್ರೆಯಿಲ್ಲ, ಮೇಲೆ ಮಿಛಿಲ್ ಬೇರೆ. ನನ್ನ ಅಮ್ಮ ಎಂದರೆ ಏನೂ ಮುಚ್ಚಿಡಲು ಬಾರದ ಹೆಂಗಸು ಎಂದು ನಾನು ತಿಳಿದಿದ್ದೆ. ಆ ಡಬ್ಬಿಯನ್ನು ಕೈಯಲ್ಲಿ ಹಿಡಿದು ನಿಂತಾಗ ನನಗೆ ನಿಜಕ್ಕೂ ಭಯವಾಯಿತು. ಇನ್ನು ಯಾವ ಡಬ್ಬಿಯಲ್ಲಿ ಏನಿದೆಯೋ!

ಡಾಕ್ಟರು ಹೇಳಿದ್ದು ಸರಳವಾಗಿತ್ತು. ಇದು ಮೂರ್ಛೆ ರೋಗ, ಭೂತವಲ್ಲ ಪ್ರೇತವಲ್ಲ, ಮಾತ್ರೆ ತಪ್ಪಬಾರದು, ಉಪವಾಸ ಕೂಡದು, ನಿದ್ದೆಗೆಡಬಾರದು, ಬೆಂಕಿ ಮತ್ತು ನೀರಿನ ಹತ್ತಿರ ಒಬ್ಬಳೇ ಇರಬಾರದು. ಅವರು ಮೆಟ್ಟಿಲು ಇಳಿದದ್ದೇ ತಡ, ಅಪ್ಪ ಸಿಡಿದ. ಅವನು ಸಿಟ್ಟಿನ ಮನುಷ್ಯನಲ್ಲ, ಸಿಟ್ಟು ಮಾಡಿ ಅಭ್ಯಾಸವೂ ಇಲ್ಲ, ಹಾಗಾಗಿ ದನಿ ಎಲ್ಲೆಲ್ಲೋ ಹೋಗುತ್ತಿತ್ತು.

"ಮೋಸ! ಇದು ಶುದ್ಧ ಮೋಸ ಅಮ್ಮ. ಹೆಣ್ಣು ಕೊಡುವಾಗ ಇವಳಪ್ಪ ಒಂದು ಮಾತು ಹೇಳ್ಬೇಕಿತ್ತಾ ಬೇಡ್ವಾ? ಗೊತ್ತಿದ್ದೂ ಗೊತ್ತಿದ್ದೂ ಮುಚ್ಚಿಟ್ಟು ಕಟ್ಟಿದ್ರಲ್ಲ ನಮ್ಮ ತಲೆಗೆ!"

ಅಜ್ಜಿ ಎದ್ದು ಒಳಗೆ ಹೋಗಿ, ತೊಳೆದು ಬೋರಲು ಹಾಕಿದ್ದ ಪಾಯಸದ ಪಾತ್ರೆಯನ್ನು ಎತ್ತಿಕೊಂಡು ಮತ್ತೆ ತೊಳೆಯತೊಡಗಿದಳು.

"ಹೇಳಿದ್ದಿದ್ರೆ ನೀವು ನನ್ನನ್ನು ಮಾಡ್ಕೊಳ್ತಿದ್ರಾ?" ಎಂದಳು ಅಮ್ಮ, ಮಲಗಿದಲ್ಲಿಂದಲೇ.

ಆ ಮಾತಿಗೆ ಅಪ್ಪನ ಸಿಟ್ಟು ಇನ್ನೂ ಏರಿತು.

"ನಾಳೆಯೇ ಟಿಕೆಟ್ ಮಾಡಿಸ್ತೇನೆ. ಕೆಲವು ತಿಂಗಳು ಊರಲ್ಲಿರ್ಲಿ. ಅವರ ಮಗಳು, ಅವರೇ ನೋಡ್ಕೊಳ್ಲಿ."

ಕೆಲವು ತಿಂಗಳು ಎಂದರೆ ಏನೆಂದು ಆ ಮನೆಯಲ್ಲಿ ಎಲ್ಲರಿಗೂ ಅರ್ಥವಾಗಿತ್ತು, ನನಗೂ. ಹಾಗೆ ತವರಿಗೆ ಹೋಗಿ ಅಲ್ಲೇ ಉಳಿದವರ ಹೆಸರುಗಳನ್ನು ಅಜ್ಜಿಯ ಬಾಯಲ್ಲೇ ಕೇಳಿದ್ದೆ. ಅಮ್ಮ ಹೋದರೆ ನಾನು ಯಾರ ಜೊತೆ ಎಂದುಕೊಳ್ಳುತ್ತಾ ಮಂಚದ ಕೆಳಗಿನ ಕೊಪ್ಪರಿಗೆಯ ಅಂಚು ಹಿಡಿದುಕೊಂಡು ಕೂತೆ. ಮರುದಿನ ಬೆಳಿಗ್ಗೆ ಅಪ್ಪ ಚೀಲ ಹೆಗಲಿಗೆ ಹಾಕಿ ಹೌರಾ ಸ್ಟೇಷನ್ನಿಗೆ ಹೊರಟು ನಿಂತಾಗ ಅಜ್ಜಿ ಅವನಿಗೆ ಅಡ್ಡ ಬಂದಳು.

"ಟಿಕೆಟ್ ಬೇಡ. ಶಾರದೆ ಎಲ್ಲಿಗೂ ಹೋಗುದಿಲ್ಲ. ನೀನು ಹೋಗಿ ಮೊದಲು ಒಬ್ಬ ಬಡಗಿಯನ್ನು ಕರ್ಕೊಂಡು ಬಾ."

"ಬಡಗಿ ಯಾಕೆ?"

"ಬಚ್ಚಲಿನ ಚಿಲಕ ತೆಗೀಲಿಕ್ಕೆ."

ಯಾಕೆ, ಏನು ಎಂದು ಅಪ್ಪ ವಾದ ಹಾಕಿದ. ಅತ್ತೆ ಎಂದರೆ ಇಂಥ ಅವಕಾಶಕ್ಕೆ ಕಾಯುವವಳು ಎಂಬುದು ಲೋಕರೂಢಿ. ಸೊಸೆ ಮಾಡುವ ತಂಬುಳಿಯಲ್ಲಿ ಉಪ್ಪು ಹೆಚ್ಚು, ಮಾತಿನಲ್ಲಿ ವಿನಯ ಕಡಿಮೆ ಎಂದು ಹೊತ್ತಿಗೊಮ್ಮೆ ಗೊಣಗುತ್ತಿದ್ದ ನಮ್ಮ ಅಜ್ಜಿಯೇ ಸೊಸೆಯ ಪರ ನಿಂತದ್ದು ಅವನಿಗೆ ಬಿಡಿಸಲಾರದ ಒಗಟಾಯಿತು. ಅಜ್ಜಿ ಕಾರಣ ಹೇಳಲಿಲ್ಲ. ಬಡಗಿ ಬಂದ.

ಆಮೇಲೆ ಮನೆಯೇ ಬದಲಾಯಿತು. ಮಂಚದ ಕಾಲುಗಳನ್ನು ಕತ್ತರಿಸಿ ತಗ್ಗು ಮಾಡಿಸಿದರು. ಮಂಚದಡಿಯ ಕೊಪ್ಪರಿಗೆಗಳಿಗೆ ಜಾಗವಿಲ್ಲದೆ ಅವೆಲ್ಲ ಕಾಕಿಮಾಳ ಕೆಳಗಿನ ಹಳೆಯ ಗ್ಯಾರೇಜಿಗೆ ಇಳಿದವು. ಅಮ್ಮ ಒಲೆಯ ಮುಂದೆ ನಿಂತಾಗಲೆಲ್ಲ ಒಬ್ಬರು ಜೊತೆಗಿರಬೇಕು. ಏಕಾದಶಿಯ ಉಪವಾಸ ಅಮ್ಮನ ಮಟ್ಟಿಗೆ ರದ್ದು. ಸಂಜೆ ಕೆಳಗೆ ಕಾಕಿಮಾ ದೀಪ ಹಚ್ಚಿ ಶಂಖ ಊದುತ್ತಿದ್ದಳಲ್ಲ, ಅದೇ ನಮ್ಮ ಮಾತ್ರೆಯ ಹೊತ್ತು. ಶಂಖ ಕೇಳಿದರೆ ನಾನು ಆಟ ಬಿಟ್ಟು ಮೆಟ್ಟಿಲು ಹತ್ತಿ ಓಡಬೇಕು. ಈಗಲೂ ಬೆಹಾಲಾದಲ್ಲಿ ಪಕ್ಕದ ಮನೆಯವರು ಶಂಖ ಊದಿದರೆ ನನ್ನ ಕೈ ನೀರಿನ ಲೋಟ ಹುಡುಕುತ್ತದೆ. ತಮ್ಮನ ಮಾತು ನಿಂತುಹೋಯಿತು, ಯಾರೂ ತೀರ್ಮಾನಿಸದೆ, ತಾನಾಗಿಯೇ. ಹೌರಾದ ಅಡಿಗೆಗಳಿಗೆ ಅಪ್ಪ ಒಬ್ಬನೇ ಹೋಗತೊಡಗಿದ, ಆಮೇಲೆ ಅವನ್ನೂ ಬಿಟ್ಟ. ಅಮ್ಮನ ಲಾಂಚು ತಪ್ಪಿತು.

ಆ ತಿಂಗಳುಗಳಲ್ಲಿ ಅಪ್ಪ ಅಮ್ಮನ ಜೊತೆ ನೇರ ಮಾತಾಡುತ್ತಿರಲಿಲ್ಲ. "ಮಾತ್ರೆ ಆಯ್ತಾ ಕೇಳು" ಎಂದು ನನಗೆ ಹೇಳುವುದು, "ಆಯ್ತು ಅಂತ ಹೇಳು" ಎಂದು ಅವಳು ನನಗೇ ಹೇಳುವುದು, ಇಬ್ಬರ ನಡುವೆ ಒಂದು ಮೊಳ ಅಂತರವೂ ಇರುತ್ತಿರಲಿಲ್ಲ. ನನಗೆ ಸಾಕಾಗಿ ಹೋಗಿತ್ತು. ಅಮ್ಮನಿಗೆ ಇನ್ನೂ ಹೆಚ್ಚು ಸಾಕಾಗಿತ್ತು. ಒಂದು ದಿನ ದೋಸೆ ಹುಯ್ಯುವಾಗ ನಾನು ಒಂದು ಕಡೆ, ಅಜ್ಜಿ ಒಂದು ಕಡೆ ನಿಂತದ್ದು ನೋಡಿ ಸೌಟು ಕುಕ್ಕಿದಳು.

"ನಾನೇನು ಒಲೆ ಮೇಲಿಟ್ಟ ಹಾಲಾ, ಎಲ್ರೂ ಸುತ್ತ ನಿಂತು ಕಾಯ್ಲಿಕ್ಕೆ? ಉಕ್ಕಿದ್ರೆ ಉಕ್ತೇನೆ, ಹೋಗಿ!"

ನಾನು ಹೋದೆ. ಅಜ್ಜಿ ಹೋಗಲಿಲ್ಲ. ಅಜ್ಜಿಯ ಕಾವಲಿಗೆ ಬೇರೆಯೇ ಒಂದು ರೀತಿಯಿತ್ತು, ಒಂದು ವಿಚಿತ್ರ ಹಟದ ಹಾಗೆ. ಸಂಜೆ ಅಜ್ಜಿ, ಅಮ್ಮ, ನಾನು ಮನೆಯ ಹತ್ತಿರದ ಲೇಕಿನ ಸುತ್ತ ನಡೆಯಲು ಹೋದರೆ ನೀರಿನ ಬದಿಗೆ ಅವಳೇ ಇರಬೇಕು, ಅಮ್ಮ ಈಚೆಗೆ. ಕಣ್ಣು ಮಂಜಾದ ಮುದುಕಿ, ದಡದ ಅಂಚಿನಲ್ಲಿ ತಡವರಿಸಿಕೊಂಡು ನಡೆಯುವುದು ನೋಡಿ ನನಗೆ ದಿಗಿಲು.

"ಅಜ್ಜೀ, ನೀನೇ ಬಿದ್ದರೆ?"

"ನಾನು ಬಿದ್ರೆ ಕೂಗ್ತೇನೆ. ಇವಳಿಗೆ ಕೂಗ್ಲಿಕ್ಕೆ ಆಗುದಿಲ್ಲ."

ಮಹಾಲಯದ ದಿನ ಅಪ್ಪ ತರ್ಪಣಕ್ಕೆ ಗಂಗೆಯ ಘಾಟಿಗೆ ಹೋದಾಗ ಅವಳು ಅವನ ಪಂಚೆಯ ಚುಂಗು ಹಿಡಿದು ಮೇಲಿನ ಮೆಟ್ಟಿಲ ಮೇಲೆ ಕೂತಳು. ಘಾಟಿನ ಜನ ನಕ್ಕರು. ಅಪ್ಪನಿಗೆ ನಾಚಿಕೆಯಾಗಿ ಬಿಡಮ್ಮಾ ಎಂದು ಎಳೆದ, ಅವಳು ಬಿಡಲಿಲ್ಲ. ನನ್ನ ಸ್ನಾನದ ಹೊತ್ತಿಗೂ ಬಾಗಿಲ ಹೊರಗೆ ಜಪಮಾಲೆ ಹಿಡಿದು ಕೂರುತ್ತಿದ್ದಳು. ಅಮ್ಮನಿಗಲ್ಲವೇ ಕಾಯಿಲೆ, ನನಗ್ಯಾಕೆ ಕಾವಲು ಎಂದು ಕೇಳಿದರೆ, ಮಗ್ಗಿ ಜೋರಾಗಿ ಹೇಳು ಎಂದಷ್ಟೇ ಗದರುತ್ತಿದ್ದಳು. ವಯಸ್ಸಾಯಿತು, ಅಮ್ಮ ಬಿದ್ದದ್ದು ಕಂಡು ತಲೆ ಕೆಟ್ಟಿದೆ ಎಂದು ನಾನೂ ಅಪ್ಪನೂ ಮಾತಾಡಿಕೊಂಡೆವು.

ಬೆಹಾಲಾದ ಮಾತನ್ನು ಅಪ್ಪ ಒಂದು ದಿನ ಮುಗಿಸಿಯೇ ಬಿಟ್ಟ. ಊಟದ ನಡುವೆ, ಯಾರನ್ನೂ ನೋಡದೆ, ಅಲ್ಲಿ ಹೋಟೆಲು ಮಾಡಿದರೆ ನಾನು ಬೆಳಗಿನಿಂದ ಕೆಳಗೆ, ಮೇಲೆ ಏನಾದರೂ ಆದರೆ ಆ ದೊಡ್ಡ ರಸ್ತೆಯ ಗದ್ದಲದಲ್ಲಿ ಕೇಳುವುದಿಲ್ಲ, ಬೇಡ ಎಂದ. ಕೊಪ್ಪರಿಗೆಗಳಿದ್ದ ಗ್ಯಾರೇಜನ್ನೇ ಕಾಕಿಮಾಳಿಂದ ಬಾಡಿಗೆಗೆ ಕೇಳಿದ. ಅಲ್ಲಿಗೆ ಬೇಕಾದ ಬಲ್ಬು, ಬೆಂಚು, ಕಲ್ಲು ಯಾವುದನ್ನೂ ನೋಡುವ ಮೊದಲು ಅವನು ಮಾಡಿದ ಪರೀಕ್ಷೆ ಒಂದೇ. ಗ್ಯಾರೇಜಿನ ಒಳಗೆ, ಒಲೆ ಬರಬೇಕಾದ ಮೂಲೆಯಲ್ಲಿ ನಿಂತು, ತಲೆಯೆತ್ತಿ ಕೂಗಿದ.

"ಶಾರದಾ!"

ಗಲ್ಲಿಯಲ್ಲಿ ರಿಕ್ಷಾದವನು ತಿರುಗಿ ನೋಡಿದ. ಕಾಕಿಮಾ ಕಿಟಕಿಯಿಂದ ಇಣುಕಿದಳು. ಶ್ರಾದ್ಧದ ದಿನದಿಂದ ಆ ಹೆಸರು ಅವನ ಬಾಯಿಂದ ಬಂದಿರಲಿಲ್ಲ. ಮೇಲೆ ಬಟ್ಟೆ ಹರವುತ್ತಿದ್ದ ಅಮ್ಮ ಕೈಯಲ್ಲಿದ್ದ ಸೀರೆಯನ್ನು ಹೆಗಲಿಗೆ ಹಾಕಿಕೊಂಡು ಬಾಲ್ಕನಿಯಿಂದ ಬಗ್ಗಿ, "ಓ..." ಎಂದಳು.

"ಕೇಳ್ತದಾ?"

"ಇಡೀ ಗಲ್ಲಿಗೇ ಕೇಳ್ತದೆ!"

ಅಪ್ಪ ಅಲ್ಲೇ ಹೋಟೆಲು ಮಾಡಿದ. ನಾಲ್ಕು ಬೆಂಚಿನ ಇಡ್ಲಿ ದೋಸೆಯ ಅಂಗಡಿ. ಆಮೇಲಿನ ನಮ್ಮ ಎಲ್ಲ ತೀರ್ಮಾನಗಳಿಗೂ ಆ ಕೂಗೇ ಅಳತೆಯಾಯಿತು. ನನ್ನ ಶಾಲೆ, ಕಾಲೇಜು, ಅಪ್ಪ ಒಪ್ಪಿಕೊಳ್ಳುವ ಅಡಿಗೆಗಳು, ಯಾರ ಮದುವೆಗೆ ಹೋಗುವುದು ಯಾರದಕ್ಕೆ ಬಿಡುವುದು, ಎಲ್ಲಕ್ಕೂ. ಆ ವರ್ಷ ಅಮ್ಮನಿಗೆ ಇನ್ನೊಮ್ಮೆ ಬಂತು, ಅಂಗಡಿಯಲ್ಲೇ. ಈ ಸಲ ಅಪ್ಪ ಬೀಗದ ಕೈ ಹುಡುಕಲಿಲ್ಲ. ಅಜ್ಜಿ ಕಲಿಸಿದ ಹಾಗೆ ಮಗ್ಗುಲಿಗೆ ಹೊರಳಿಸಿ, ತಲೆ ಹಿಡಿದು, ಅವಳು ಓ ಎನ್ನುವ ತನಕ ಮೆಲ್ಲಗೆ ಹೆಸರು ಹೇಳುತ್ತಾ ಕೂತಿದ್ದ.

ಮತ್ತೆ ಅಜ್ಜನ ಶ್ರಾದ್ಧ ಬಂತು. ಈ ಸಲ ಅಡಿಗೆಗೆ ಬೇರೆ ಯಾರನ್ನಾದರೂ ಕರೆಯೋಣ ಎಂದ ಅಪ್ಪ. ಅಮ್ಮನ ಮುಖ ಚಿಕ್ಕದಾಯಿತು. ಒಂದು ವರ್ಷದಲ್ಲಿ ಅವಳಿಂದ ಬೆಹಾಲಾ ಹೋಗಿತ್ತು, ಲಾಂಚು ಹೋಗಿತ್ತು, ಚಿಲಕ ಹೋಗಿತ್ತು. ಈಗ ಒಲೆ. ಇದೊಂದು ದಿನದ ಅಡಿಗೆಗೆ ಬೇರೆಯವರು ಬಂದರೆ ಆಮೇಲೆ ಪ್ರತಿಯೊಂದಕ್ಕೂ ಬರುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಆದರೆ ಅವಳು ಬಾಯಿ ಬಿಡಲಿಲ್ಲ. ಅಜ್ಜಿ ಬಿಟ್ಟಳು, "ಶಾರದೆಯೇ ಮಾಡ್ತಾಳೆ" ಎಂದು.

ಆ ಬೆಳಿಗ್ಗೆ ಭಟ್ಟರು ಹಿಂದಿನ ವರ್ಷದ ಪಾಠ ಕಲಿತವರಂತೆ ಬೇಗನೇ ಬಂದು ಹಾಲಿನಲ್ಲಿ ದರ್ಭೆ, ಎಳ್ಳು ಹರವಿಕೊಂಡು ಕೂತಿದ್ದರು. ಅಪ್ಪನ ಬೆರಳಿಗೆ ದರ್ಭೆಯ ಉಂಗುರ ಆಗಲೇ ಏರಿತ್ತು. ಅಮ್ಮ ಒದ್ದೆ ಸೀರೆಯಲ್ಲಿ ಅಡಿಗೆಮನೆಯ ಒಳಗೆ. ಹೊಸ್ತಿಲ ಆಚೆ ಗೆರೆಯಿರಲಿಲ್ಲ. ನಾನು ಅದನ್ನೇ ಹುಡುಕುತ್ತಿರುವಾಗ ಅಜ್ಜಿ ದೇವರ ಕೋಣೆಯಿಂದ ಬಂದಳು. ಮಡಿಯಲ್ಲಿದ್ದಳು. ಒಂದು ಕೈಯಲ್ಲಿ ನೀರಿನ ಪಂಚಪಾತ್ರೆ, ಇನ್ನೊಂದು ಅಂಗೈಯಲ್ಲಿ ಬಿಳಿ ಮಾತ್ರೆ ಮತ್ತು ಒಂದು ಬಾಳೆಹಣ್ಣು.

"ಮೊದಲು ಇದು ತಿನ್ನು. ಆಮೇಲೆ ಒಲೆ."

ಭಟ್ಟರು ತಲೆಯೆತ್ತಿದರು.

"ಅಮ್ಮಾ, ಅದು ಹೇಗಾಗ್ತದೆ? ಶ್ರಾದ್ಧದ ಅಡಿಗೆಗೆ ನಿಲ್ಲುವವರು ಬರಿ ಹೊಟ್ಟೆಯಲ್ಲೇ ಇರ್ಬೇಕಲ್ಲ. ನಿಮಗೆ ನಾನು ಹೇಳ್ಬೇಕಾ?"

ಅಜ್ಜಿ ತಿರುಗಿದಳು. ದನಿ ಏರಲಿಲ್ಲ.

"ಭಟ್ರೇ, ಇವನಪ್ಪ ಆ ದಿನ ಇಂಥದ್ದೊಂದು ಮಾತ್ರೆ ನುಂಗಿದ್ದಿದ್ರೆ ನೀವು ಇವತ್ತು ಇಲ್ಲಿಗೆ ಬರ್ಬೇಕಾದ್ದೇ ಇರ್ಲಿಲ್ಲ."

ಅಪ್ಪ ಕೂತಲ್ಲೇ ತಾಯಿಯ ಕಡೆ ನೋಡಿದ. ಅಜ್ಜಿ ಅವನನ್ನು ನೋಡದೆ, ಅಂಗೈಯಲ್ಲಿದ್ದ ಮಾತ್ರೆಯನ್ನು ನೋಡುತ್ತಾ ಹೇಳಿದಳು.

"ಅವರಿಗೂ ಇತ್ತು. ಮದುವೆಯಾಗಿ ಹೋದ ಮೇಲೆ ಗೊತ್ತಾಯ್ತು ನಂಗೆ. ಮಂಗಳೂರಿಂದ ಮಾತ್ರೆ ತರಿಸ್ತಿದ್ರು, ಹೊರಗೆ ಯಾರಿಗೂ ಹೇಳ್ಲಿಕ್ಕಿಲ್ಲ. ಏಕಾದಶಿಗೆ ನೀರೂ ಮುಟ್ಟುದಿಲ್ಲ ಅಂತ ಆ ಸಲ ಮಾತ್ರೆ ಬಿಟ್ರು. ಮರುದಿನ ಬೆಳಿಗ್ಗೆ ಕೆರೆಗಿಳಿದ್ರು. ನಾನು ಯಾವಾಗ್ಲೂ ಮೆಟ್ಲಲ್ಲಿ ಕೂತ್ಕೊಳ್ತಿದ್ದೆ. ಅವರು ಮಂತ್ರ ಹೇಳ್ತಾ ಇದ್ರು. ನೀನು ಮನೆಯಲ್ಲಿ ಅಳುದು ಕೇಳಿತು ವಾಸು, ಎತ್ಕೊಂಡು ಬರುವಾ ಅಂತ ಎದ್ದು ಹೋದೆ. ವಾಪಸು ಬರುವಾಗ ಸದ್ದಿರ್ಲಿಲ್ಲ. ಪಾಚಿಯೂ ಇಲ್ಲ, ಜಾರಿದ್ದೂ ಇಲ್ಲ."

ಬಚ್ಚಲಿನ ಬಾಗಿಲಿನ ಮೇಲಿನ ತೂತುಗಳು ನಾನು ನಿಂತಲ್ಲಿಂದ ಕಾಣುತ್ತಿದ್ದವು. ಲೇಕಿನ ದಡ, ಘಾಟಿನ ಮೆಟ್ಟಿಲು, ಪಂಚೆಯ ಚುಂಗು, ನನ್ನ ಮಗ್ಗಿ, ಎಲ್ಲ ಒಟ್ಟಿಗೇ ನೆನಪಾದವು. ಅವಳು ಕಾಯುತ್ತಿದ್ದುದು ಸೊಸೆಯೊಬ್ಬಳನ್ನೇ ಅಲ್ಲ. ಹುಟ್ಟಿದಂದಿನಿಂದ ಮಗನನ್ನು ಕಾದಿದ್ದಳು, ಈಗ ನನ್ನನ್ನು. ನಮ್ಮಲ್ಲಿ ಯಾರಿಗೆ ಯಾವಾಗ ಬಂದೀತೋ ಎಂದು, ಒಬ್ಬಳೇ, ಯಾರಿಗೂ ಹೇಳದೆ.

ಅಪ್ಪ ಕೂತಲ್ಲಿಂದ ಅರ್ಧ ಎದ್ದ. "ನಂಗೆ ಯಾಕೆ ಹೇಳ್ಲಿಲ್ಲ ಅಮ್ಮ? ಇಷ್ಟು ವರ್ಷ?"

ಅಜ್ಜಿ ಆಗ ಅವನನ್ನು ನೋಡಿದಳು.

"ಹೇಳಿದ್ದಿದ್ರೆ ನಿಂಗೆ ಹೆಣ್ಣು ಯಾರು ಕೊಡ್ತಿದ್ರು ಮಾರಾಯಾ?"

ಮೋಸ ಎಂಬ ಮಾತನ್ನು ಒಂದು ವರ್ಷದ ಹಿಂದೆ ಅದೇ ಹಾಲಿನಲ್ಲಿ ನಿಂತು ಕೂಗಿದ್ದ ಅಪ್ಪ ತಲೆ ತಗ್ಗಿಸಿದ. ಭಟ್ಟರು ಆಗಲೇ ಜೋಡಿಸಿದ್ದ ದರ್ಭೆಗಳನ್ನು ಮತ್ತೆ ಜೋಡಿಸತೊಡಗಿದರು. ಅಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತು ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು, ನಮ್ಮ ಮನೆಗೆ ಬಂದ ಮೇಲೆ ಈಗಷ್ಟೇ ಅವಳನ್ನು ಕಾಣುತ್ತಿರುವಂತೆ. ಆಮೇಲೆ ಕೈ ಚಾಚಿದಳು. ಅಜ್ಜಿ ಆ ಒದ್ದೆ ಕೈಯನ್ನು ತನ್ನ ಕೈಯಲ್ಲಿ ಹಿಡಿದು ಮಾತ್ರೆ ಇಟ್ಟಳು. ಅಮ್ಮ ನುಂಗಿದಳು, ನೀರು ಕುಡಿದಳು, ನಿಂತಲ್ಲೇ ಬಾಳೆಹಣ್ಣು ತಿಂದು ಮುಗಿಸಿದಳು.

"ಒಲೆ ಹಚ್ಚಲಾ ಅತ್ತೆ?"

"ಹಚ್ಚು," ಎಂದು ಅಜ್ಜಿ ಅಡಿಗೆಮನೆಯ ಒಳಗೆ ಹೋಗಿ, ಅವಳ ಪಕ್ಕದಲ್ಲೇ ಗೋಡೆಗೊರಗಿ ಕೂತಳು.